ಮೂರು ಕ್ಷೇತ್ರ, ಮೂರು ಪಕ್ಷ: ರಸ್ತೆ ದುಡ್ಡು ಯಾರ ಕೈಲಿ?

ನೋಡ್ರಿ, 2023ರಲ್ಲಿ ರಾಯಚೂರು ನಗರ ಬಿಜೆಪಿಯ ಶಿವರಾಜ ಪಾಟೀಲರನ್ನ, ಮಾನ್ವಿ ಕಾಂಗ್ರೆಸ್ಸಿನ ಹಂಪಯ್ಯ ನಾಯಕರನ್ನ, ದೇವದುರ್ಗ ಜೆಡಿಎಸ್‌ನ ಕರೆಮ್ಮ ನಾಯಕರನ್ನ ಗೆಲ್ಲಿಸ್ತು. ಸರ್ಕಾರ ಕಾಂಗ್ರೆಸ್ಸಿಂದು. ಹಂಗಾದ್ರ ಉಳಿದಿಬ್ಬರ ಊರಿಗೆ ರಸ್ತೆ, ಶಾಲೆ ಕೋಣೆ ಸಿಗಂಗಿಲ್ಲೇನು?

ಇಲ್ಲೇ 371(ಜೆ) ಬರೋದು. 2012ರಲ್ಲಿ ಸಂಸತ್ತು ಒಪ್ಪಿದ ಈ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಪ್ರತ್ಯೇಕ ಮಂಡಳಿ ಬಂತು, ಈಗಿನ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ತಾಲ್ಲೂಕುಗಳಿಗೆ ದುಡ್ಡು ಹಂಚೋಕೆ ಅದು ನಂಜುಂಡಪ್ಪ ವರದಿಯ ಹಿಂದುಳಿದ ಸೂಚ್ಯಂಕ ನೋಡ್ತದ. 2002ರ ಆ ವರದಿಯಲ್ಲಿ ದೇವದುರ್ಗ ರಾಜ್ಯದಲ್ಲೇ ಕಟ್ಟಕಡೆ! ಅಂದ್ರ ಲೆಕ್ಕದಲ್ಲಿ ಪಕ್ಷ ಇಲ್ಲ.

ಆದ್ರ ಅಧ್ಯಕ್ಷರನ್ನ ನೇಮಿಸೋದು ಸರ್ಕಾರ. ಬಿಜೆಪಿ ಕಾಲಕ್ಕೆ ದತ್ತಾತ್ರೇಯ ಪಾಟೀಲ ರೇವೂರ, 2023ರ ನಂತರ ಅಜಯ್ ಸಿಂಗ್. ಪಕ್ಷ ಬದಲಾದ್ರ ಕುರ್ಚಿನೂ ಬದಲು. ಘೋಷಿಸಿದ್ದು ವರ್ಷಕ್ಕೆ 5,000 ಕೋಟಿ. ನಾನು ನೋಡೋದು ದೇವದುರ್ಗದಲ್ಲಿ ಮುಗಿದ ಕಾಮಗಾರಿ ಎಷ್ಟು ಅಂತ.