ಸುಡುವುದಕ್ಕೆಂದೇ ಕಟ್ಟುವವರು

ಮಾರ್ಚ್ 19 ಸಂತ ಜೋಸೆಫರ ಹಬ್ಬ. ತಪಸ್ಸುಕಾಲದ ನಡುವೆ ಬರುವ ಈ ದಿನವನ್ನು ನಾವು ಬಲಿಪೂಜೆ, ಪ್ರಾರ್ಥನೆಗಳೊಂದಿಗೆ ಶಾಂತವಾಗಿ ಆಚರಿಸುತ್ತೇವೆ. ಸ್ಪೇನಿನ ವಲೆನ್ಸಿಯಾ ನಗರದಲ್ಲಾದರೋ ಅಂದು ರಾತ್ರಿ ಬೀದಿಬೀದಿಗಳಲ್ಲಿ ಬೆಂಕಿ ಏಳುತ್ತದೆ. ವರ್ಷವಿಡೀ ದುಡಿದು ಕಟ್ಟಿದ ಬೃಹತ್ ಪ್ರತಿಮೆಗಳು ಕೆಲವೇ ನಿಮಿಷಗಳಲ್ಲಿ ಬೂದಿಯಾಗುತ್ತವೆ. 'ಫಾಯಾಸ್' ಎಂಬ ಈ ಉತ್ಸವವನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಳಿಗಾಲದಲ್ಲಿ ದೀಪ ತೂಗುಹಾಕುತ್ತಿದ್ದ ಮರದ ಕಂಬವನ್ನು ವಸಂತ ಬಂದಾಗ ಬಡಗಿಗಳು ತಮ್ಮ ಪಾಲಕ ಸಂತರ ಹಬ್ಬದ ಮುನ್ನಾದಿನ ಹೊಟ್ಟು, ಚೂರುಗಳೊಡನೆ ಸುಡುತ್ತಿದ್ದರಂತೆ. ಅದಕ್ಕೆ ಹಳೆಯ ಬಟ್ಟೆ ತೊಡಿಸಿದಾಗ ಅದು ಗೊಂಬೆಯಾಯಿತಂತೆ. ಇತಿಹಾಸಕಾರರು ಈ ಕಥೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಜನ ಮಾತ್ರ ಬಿಟ್ಟುಕೊಟ್ಟಿಲ್ಲ.

ಪ್ರತಿಮೆಗಳು ಹುಟ್ಟುವುದು ಕಾರ್ಯಾಗಾರಗಳಲ್ಲಿ. ಇಂತಹ ಕಾರ್ಯಾಗಾರಗಳಿಗೆಂದೇ ನಗರದ ಅಂಚಿನಲ್ಲಿ 'ಸಿಯುತಾತ್ ಫಾಯೆರಾ' ಎಂಬ ಬಡಾವಣೆಯಿದೆ. ಮೊದಲು ನಕ್ಷೆ, ಅನಂತರ ಪುಟ್ಟ ಮಾದರಿ, ಆಮೇಲೆ ಒಳಗಿನ ಮರದ ಚೌಕಟ್ಟು. ಹಿಂದೆ ಜೇಡಿಮಣ್ಣಿನ ರೂಪದಿಂದ ಪ್ಲಾಸ್ಟರ್ ಅಚ್ಚು ತೆಗೆದು, ಅದರೊಳಗೆ ಅಂಟಿನಲ್ಲಿ ನೆನೆಸಿದ ರಟ್ಟನ್ನು ಪದರಪದರವಾಗಿ ಒತ್ತಿ ಒಣಗಿಸುತ್ತಿದ್ದರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಥರ್ಮೋಕೋಲ್ ಬಂದಿತು. ಈಗ ಅದರ ದಿಮ್ಮಿಗಳನ್ನು ಬಿಸಿ ತಂತಿಯಿಂದಲೋ ಗಣಕಯಂತ್ರ ನಡೆಸುವ ಯಂತ್ರದಿಂದಲೋ ಕೊರೆದು, ಕೈಯಿಂದ ಉಜ್ಜಿ ನುಣುಪಾಗಿಸಿ ಬಣ್ಣ ಬಳಿಯುತ್ತಾರೆ. ಬಿಡಿಭಾಗಗಳು ಲಾರಿಯಲ್ಲಿ ಬೀದಿಗೆ ಬರುತ್ತವೆ, ಕ್ರೇನು ಅವನ್ನು ಜೋಡಿಸುತ್ತದೆ. ದೊಡ್ಡವು 20 ಮೀಟರಿಗೂ ಎತ್ತರ.

ಥರ್ಮೋಕೋಲ್ ಹಗುರ. ಹಳೆಯ ಅಚ್ಚುಗಳ ಹಂಗಿಲ್ಲದೆ ಬೇಕಾದ ರೂಪವನ್ನು ಅದು ತಾಳುತ್ತದೆ. ಆದರೆ ಉರಿಯುವಾಗ ದಟ್ಟವಾದ ಕಪ್ಪು ಹೊಗೆ ಕಾರುತ್ತದೆ. ನೆರೆಮನೆಗಳ ಗೋಡೆಗೆ ನೀರು ಹಾಯಿಸುತ್ತ ನಿಲ್ಲುವ ಅಗ್ನಿಶಾಮಕ ಸಿಬ್ಬಂದಿ ಉಸಿರಾಡಬೇಕಾದುದೂ ಅದನ್ನೇ. ತೆಳು ಮರದ ಪಟ್ಟಿಗಳನ್ನು ಬಾಗಿಸಿ ಮೈ ಹೆಣೆಯುವ 'ವರೇತಾ' ಎಂಬ ಹಳೆಯ ವಿಧಾನಕ್ಕೆ ಕೆಲವರು ಮರಳಿದ್ದಾರೆ. ಅದಕ್ಕೆ ಸಮಯವೂ ಕೂಲಿಯೂ ಹೆಚ್ಚು. ಆ ಹೆಚ್ಚಿನ ಹಣವನ್ನು ಕೊಡಬೇಕಾದವರು ಪ್ರತಿಮೆ ಮಾಡಿಸುವ ಬೀದಿಯ ಸಮಿತಿಗಳೇ. ಅಗ್ಗದ ಹೊಗೆಯನ್ನು ಕಲಾವಿದನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಒಂದು ವಸ್ತು ಯಾವುದಕ್ಕಾಗಿ ಇದೆಯೆಂದು ಅರಿಯದೆ ಅದು ಏನೆಂದು ಅರಿಯಲಾಗದು ಎಂದು ಗುರುಮಠದಲ್ಲಿ ಅರಿಸ್ಟಾಟಲನ ಹೆಸರಿನಲ್ಲಿ ನಮಗೆ ಕಲಿಸಿದ್ದರು. ಪೀಠ ಕೂರುವುದಕ್ಕೆ, ಮನೆ ವಾಸಕ್ಕೆ. ಸುಡುವುದಕ್ಕೆಂದೇ ಮಾಡಿದ ಮುಖದ ರೆಪ್ಪೆಗೂದಲನ್ನು ಅಷ್ಟು ಸೂಕ್ಷ್ಮವಾಗಿ ಬರೆಯುವುದೇಕೆ? ಆ ಪಾಠದಲ್ಲಿ ಇದಕ್ಕೆ ಸುಲಭದ ಉತ್ತರವಿಲ್ಲ.

ಇದೇ ಕೈಗಳು ಉಳಿಯುವಂಥದನ್ನೂ ಕಟ್ಟುತ್ತವೆ. ತೂರಿಯಾ ನದಿಯ ಹಳೆಯ ಪಾತ್ರದ ಉದ್ಯಾನದಲ್ಲಿ 1990ರಲ್ಲಿ ತೆರೆದ 70 ಮೀಟರ್ ಉದ್ದದ ಮಲಗಿದ ಗಲಿವರನನ್ನು ನಿರ್ಮಿಸಿದವರು ಫಾಯಾಸ್ ಕಲಾವಿದ ಮನೋಲೊ ಮಾರ್ತಿನ್. ಅವನ ಉಡುಪಿನ ಮಡಿಕೆಗಳಲ್ಲಿ ಮಕ್ಕಳು ಇಂದಿಗೂ ಜಾರುತ್ತಾರೆ. ಬೆನಿದೋರ್ಮಿನಲ್ಲಿ 2000ದಲ್ಲಿ ಆರಂಭವಾದ 'ತೆರಾ ಮಿತಿಕಾ' ಉದ್ಯಾನದ ಪ್ರಾಚೀನ ಈಜಿಪ್ಟ್, ಗ್ರೀಸ್, ರೋಮ್ ಲೋಕಗಳ ಅಲಂಕಾರಕ್ಕೂ ಇಂತಹ ಕಲಾವಿದರು ದುಡಿದರು. ಹಬ್ಬದ ಹಣವೊಂದನ್ನೇ ನಂಬಿ ಕಾರ್ಯಾಗಾರ ನಡೆಸುವುದು ಕಷ್ಟ.

ಎಷ್ಟು ಕಷ್ಟವೆಂಬುದು 2020ರಲ್ಲಿ ಕಂಡಿತು. ಕೊರೊನಾದಿಂದಾಗಿ ಹಬ್ಬಕ್ಕೆ ಕೆಲವೇ ದಿನಗಳಿರುವಾಗ ಎಲ್ಲವೂ ನಿಂತಿತು. ಅರ್ಧ ನಿಂತ ಪ್ರತಿಮೆಗಳನ್ನು ಬಿಚ್ಚಿ ಗೋದಾಮಿಗೆ ಸಾಗಿಸಬೇಕಾಯಿತು. ನಗರಸಭೆಯ ಚೌಕದಲ್ಲಿ ಕಣ್ಣುಮುಚ್ಚಿ ಧ್ಯಾನಿಸುತ್ತಿದ್ದ ಸ್ತ್ರೀಪ್ರತಿಮೆಗೆ ಮುಖಗವಸು ತೊಡಿಸಿದರು. ಹಬ್ಬ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಹೊಸ ಕೆಲಸವಿಲ್ಲದೆ, ಹಳೆಯದು ಸುಡದೆ, ಕಲಾವಿದರು ಒಂದೂವರೆ ವರ್ಷ ಕಾದರು. ಬೆಂಕಿಯೇ ಅವರ ಮುಂದಿನ ವರ್ಷದ ಅನ್ನವೆಂದು ಅಂದು ತಿಳಿಯಿತು.

1934ರಿಂದ ಪ್ರತಿ ಹಬ್ಬದಲ್ಲೂ ಜನರ ಮತದಿಂದ ಒಂದು ಗೊಂಬೆಗೆ ಕ್ಷಮಾದಾನ ದೊರೆಯುತ್ತದೆ. ಅದು ಸುಡದೆ ವಸ್ತುಸಂಗ್ರಹಾಲಯ ಸೇರುತ್ತದೆ. ಮೊದಲು ಉಳಿದವರು ಒಬ್ಬ ಅಜ್ಜಿ ಮತ್ತು ಮೊಮ್ಮಗಳು. ಮಿಕ್ಕವುಗಳ ಬೂದಿಯನ್ನು ಮಾರ್ಚ್ 20ರ ಬೆಳಗಾಗುವುದರೊಳಗೆ ಪೌರಕಾರ್ಮಿಕರು ಗುಡಿಸಿ ತೊಳೆದಿರುತ್ತಾರೆ.