ಲೆಕ್ಕಕ್ಕೆ ಸಿಗದ ಹತ್ತು ಸೆಕೆಂಡ್

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ 8 ಲಕ್ಷಕ್ಕೂ ಹೆಚ್ಚು ಮಕ್ಕಳು, ಜೊತೆಗೆ ಅವರ ಅಪ್ಪ ಅಮ್ಮ, ಮೇಷ್ಟ್ರು, ನೆಂಟರಿಷ್ಟರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಜಾಲತಾಣ ತೆರೆಯುತ್ತಾರೆ. ಅಷ್ಟು ಜನ ಬಂದರೆ ಸರ್ವರ್ ತಾಳುತ್ತದೆಯೇ? ಇದನ್ನು ಮುಂಚಿತವಾಗಿ ತಿಳಿಯಲು ಮಾಡುವ ಪರೀಕ್ಷೆಯೇ ಲೋಡ್ ಟೆಸ್ಟಿಂಗ್. ಜೆಮೀಟರ್, ಗ್ಯಾಟ್ಲಿಂಗ್, ಲೋಕಸ್ಟ್, ಕೆ6 ಮುಂತಾದ ಸಾಫ್ಟ್‌ವೇರ್‌ಗಳು ಸಾವಿರಾರು ಕಾಲ್ಪನಿಕ ಬಳಕೆದಾರರ ಹೆಸರಿನಲ್ಲಿ ಸರ್ವರ್‌ಗೆ ಕೋರಿಕೆ ಕಳಿಸಿ, ಉತ್ತರ ಬರಲು ಹಿಡಿದ ಸಮಯವನ್ನು ಅಳೆಯುತ್ತವೆ. ಆ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಒಂದು ಲೆಕ್ಕ ಹಾಕೋಣ. ಸೆಕೆಂಡಿಗೆ 100ರಂತೆ 100 ಸೆಕೆಂಡ್‌ಗಳಲ್ಲಿ 10,000 ಕೋರಿಕೆ ಕಳಿಸಬೇಕು. ಸರ್ವರ್ ಪ್ರತಿಯೊಂದಕ್ಕೂ 5 ಮಿಲಿಸೆಕೆಂಡ್‌ನಲ್ಲಿ ಉತ್ತರಿಸುತ್ತದೆ. ಆದರೆ ನಡುವೆ ಒಮ್ಮೆ 10 ಸೆಕೆಂಡ್ ಪೂರ್ತಿ ನಿಂತುಹೋಗುತ್ತದೆ. ಕಳಿಸುತ್ತಿರುವವನು ಒಬ್ಬನೇ ಕಾಲ್ಪನಿಕ ಬಳಕೆದಾರ. ಒಂದಕ್ಕೆ ಉತ್ತರ ಬರುವವರೆಗೂ ಅವನು ಇನ್ನೊಂದನ್ನು ಕಳಿಸುವುದಿಲ್ಲ. ಹಾಗಾಗಿ ಆ 10 ಸೆಕೆಂಡ್ ಅವನೂ ಸುಮ್ಮನೆ ಕಾಯುತ್ತಾನೆ. ಕೊನೆಗೆ ದಾಖಲಾಗುವುದು 5 ಮಿಲಿಸೆಕೆಂಡ್‌ನ ಸುಮಾರು 9,000 ಉತ್ತರಗಳು, 10 ಸೆಕೆಂಡ್‌ನ ಒಂದೇ ಒಂದು ಉತ್ತರ. ಸರಾಸರಿ ಸುಮಾರು 6 ಮಿಲಿಸೆಕೆಂಡ್. ನೂರಕ್ಕೆ 99 ಕೋರಿಕೆಗಳಿಗೆ 5 ಮಿಲಿಸೆಕೆಂಡ್‌ನೊಳಗೆ ಉತ್ತರ ಸಿಕ್ಕಿದೆ ಎಂದು ವರದಿ ಹೇಳುತ್ತದೆ.

ನಿಜವಾದ ಜನ ಹಾಗೆ ಕಾಯುವುದಿಲ್ಲ. ಬೀದರಿನ ಹುಡುಗಿಯ ಪುಟ ತೆರೆದುಕೊಳ್ಳಲಿಲ್ಲವೆಂದು ಮಡಿಕೇರಿಯ ಹುಡುಗ ತನ್ನ ಮೊಬೈಲ್ ಕೆಳಗಿಡುತ್ತಾನೆಯೇ? ಸರ್ವರ್ ನಿಂತಿದ್ದ ಹೊತ್ತಿನಲ್ಲೂ 1,000 ಕೋರಿಕೆಗಳು ಬಂದೇ ಬರುತ್ತವೆ. ಸರ್ವರ್ ಚೇತರಿಸಿಕೊಂಡ ತಕ್ಷಣ ಎಲ್ಲಕ್ಕೂ ಉತ್ತರಿಸಿತು ಎಂದುಕೊಂಡರೂ ಅವನ್ನು ಕಳಿಸಿದವರೆಲ್ಲ ಸರಾಸರಿ 5 ಸೆಕೆಂಡ್ ಕಾದಿರುತ್ತಾರೆ. ಆಗ ಒಟ್ಟು ಸರಾಸರಿ ಅರ್ಧ ಸೆಕೆಂಡ್ ದಾಟುತ್ತದೆ. ನೂರಕ್ಕೆ ಒಬ್ಬರು 9 ಸೆಕೆಂಡ್‌ಗೂ ಹೆಚ್ಚು ಕಾದಿರುತ್ತಾರೆ. ಅದೇ ಸರ್ವರ್, ಅದೇ ತೊಂದರೆ. ವರದಿಗೂ ವಾಸ್ತವಕ್ಕೂ ಅಜಗಜಾಂತರ. ಕಾಲ್ಪನಿಕ ಬಳಕೆದಾರರ ಸಂಖ್ಯೆಯನ್ನು 100ಕ್ಕೆ ಏರಿಸಿದರೂ ದಾಖಲಾಗುವ ನಿಧಾನದ ಉತ್ತರಗಳು ಸುಮಾರು 100 ಮಾತ್ರ, ಉಳಿದ 900ರ ಸುಳಿವಿಲ್ಲ.

ಅಜುಲ್ ಸಿಸ್ಟಮ್ಸ್ ಸಂಸ್ಥೆಯ ಗಿಲ್ ಟೆನೆ ಈ ದೋಷವನ್ನು ‘ಕೋಆರ್ಡಿನೇಟೆಡ್ ಒಮಿಷನ್’ ಎಂದು ಕರೆದು, ವರ್ಷಗಟ್ಟಲೆ ಎಚ್ಚರಿಸುತ್ತ ಬಂದರು. ಇದನ್ನು ಸರಿಪಡಿಸಿದ ‘ವರ್ಕ್2’ ಎಂಬ ಸಾಧನವನ್ನೂ ರೂಪಿಸಿದರು. ಅದು ಕೋರಿಕೆ ಯಾವಾಗ ಹೊರಟಿತು ಎಂಬುದರಿಂದಲ್ಲ, ಯಾವಾಗ ಹೊರಡಬೇಕಿತ್ತು ಎಂಬುದರಿಂದ ಸಮಯ ಎಣಿಸುತ್ತದೆ. ಉತ್ತರಕ್ಕಾಗಿ ಕಾದು ಕಳಿಸುವ ವ್ಯವಸ್ಥೆಗೂ ಕಾಯದೆ ಕಳಿಸುವ ವ್ಯವಸ್ಥೆಗೂ ಫಲಿತಾಂಶ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು 2006ರಲ್ಲೇ ತೋರಿಸಿದ್ದರು. ಜೆಮೀಟರ್ ಕಾಯದೆ ಕಳಿಸಲು ಒಂದು ಪ್ರತ್ಯೇಕ ವಿಧಾನವನ್ನು ಸೇರಿಸಿಕೊಂಡದ್ದು 5.5ನೇ ಆವೃತ್ತಿಯಲ್ಲಿ. ಗ್ಯಾಟ್ಲಿಂಗ್, ಕೆ6ಗಳಲ್ಲೂ ಇಂಥ ಆಯ್ಕೆ ಇದೆ. ಕೆ6ನಲ್ಲಂತೂ ನಿಗದಿಯಾಗಿದ್ದೂ ಕಳಿಸಲಾಗದ ಕೋರಿಕೆಗಳೆಷ್ಟು ಎಂಬ ಲೆಕ್ಕವೂ ಸಿಗುತ್ತದೆ. ಆದರೆ ಇವನ್ನು ನಾವೇ ಆರಿಸಿಕೊಳ್ಳಬೇಕು. ಇದೇ ನನಗೆ ಕಳವಳದ ಸಂಗತಿ.

ತಪ್ಪಿಗೆ ಬೇರೆ ದಾರಿಗಳೂ ಇವೆ. ಕೋರಿಕೆ ಕಳಿಸುವ ಕಂಪ್ಯೂಟರೇ ದಣಿದರೆ ಅದರ ನಿಧಾನ ಸರ್ವರ್ ಲೆಕ್ಕಕ್ಕೆ ಸೇರುತ್ತದೆ. ಒಂದೇ ನೋಂದಣಿ ಸಂಖ್ಯೆಯನ್ನು ಮತ್ತೆ ಮತ್ತೆ ಕೇಳಿದರೆ ಉತ್ತರ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಿಂದಲೇ ಬಂದು, ಡೇಟಾಬೇಸ್ ಮೇಲಿನ ಹೊರೆ ಕಾಣುವುದೇ ಇಲ್ಲ.

ನಿಮ್ಮ ಕಚೇರಿಯಲ್ಲಿ ಇಂಥ ಪರೀಕ್ಷೆ ನಡೆಯುತ್ತಿದ್ದರೆ ಮೊದಲು ಸಾಧನವನ್ನೇ ಪರೀಕ್ಷಿಸಿ. 100 ಸೆಕೆಂಡ್‌ಗಳ ಓಟದ ನಡುವೆ, ಲಿನಕ್ಸ್‌ನಲ್ಲಿ ಸರ್ವರ್ ಪ್ರೋಗ್ರಾಂಗೆ ‘ಸಿಗ್‌ಸ್ಟಾಪ್’ ಸಂಕೇತ ಕೊಟ್ಟು 10 ಸೆಕೆಂಡ್ ತಡೆಯಿರಿ, ಆಮೇಲೆ ‘ಸಿಗ್‌ಕಾಂಟ್’ ಕೊಟ್ಟು ಬಿಡಿ. ವರದಿಯಲ್ಲಿ 99ನೇ ಪರ್ಸೆಂಟೈಲ್, ಅಂದರೆ ನೂರಕ್ಕೆ 99 ಕೋರಿಕೆಗಳಿಗೆ ಉತ್ತರ ಸಿಕ್ಕ ಸಮಯದ ಮಿತಿ, 9 ಸೆಕೆಂಡ್‌ನ ಆಸುಪಾಸಿನಲ್ಲಿ ಇರಬೇಕು. ಮಿಲಿಸೆಕೆಂಡ್‌ಗಳಲ್ಲೇ ಇದ್ದರೆ ಆ ವರದಿಯನ್ನು ನಂಬಿ ಜಾಲತಾಣವನ್ನು ಜನರಿಗೆ ತೆರೆಯಬೇಡಿ.