ಟೀಚರಿಗೆ ಪಾಠ ಹೇಳಿದ ಹಳೇ ಕಾನ್ವೆಂಟು

ಅಂಗಡಿಯಲ್ಲಿ ಕುಳಿತು ಬಾಯಲ್ಲೇ ಮಗ್ಗಿ ಹೇಳಿ ಲೆಕ್ಕ ಮುಗಿಸುವವರಿಗೆ ಅದನ್ನು ಕಲಿಸಿದ ಟೀಚರ್ ಇವತ್ತಿಗೂ ನೆನಪಿರುತ್ತಾರೆ. ಆದರೆ ಆ ಟೀಚರಿಗೆ ಕಲಿಸಿದ್ದು ಯಾರು?

ಉತ್ತರ ಬೇಕಾದವರು ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಳಿದು ರೊಸಾರಿಯೊ ಇಗರ್ಜಿಯ ಕಡೆ ನಡೆಯಬೇಕು. ಅಲ್ಲಿದೆ ಸೈಂಟ್ ಆನ್ಸ್.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ 37 ವರ್ಷ ಮೊದಲೇ, 1870ರ ನವೆಂಬರಿನಲ್ಲಿ, ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಫ್ರಾನ್ಸಿನಿಂದ ಕಡಲು ದಾಟಿ ಇಲ್ಲಿಗೆ ಬಂದರು. ಕರೆಸಿಕೊಂಡವರು ಬಿಷಪ್ ಮರಿ ಎಫ್ರೆಮ್. ಸಭೆ ಕಟ್ಟಿದಾಕೆ ಮದರ್ ವೆರೋನಿಕಾ, ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ ಇಂಗ್ಲಿಷ್ ಪಾದ್ರಿಯ ಮಗಳು.

ಹುಡುಗಿಯರನ್ನು ಶಾಲೆಗೆ ಕಳಿಸಿ ಎಂದರೆ ಆಗಿನ ಮನೆಯವರ ಮೊದಲ ಪ್ರಶ್ನೆ, ‘ಕಲಿಸುವುದು ಗಂಡಸರೋ ಹೆಂಗಸರೋ?’ ಹೆಂಗಸರು ಬೇಕೆಂದರೆ ಅವರನ್ನು ತಯಾರು ಮಾಡಬೇಕು. ಹುಡುಗಿಯರ ಶಾಲೆಯ ಜತೆ ಟ್ರೈನಿಂಗೂ ಬೆಳೆದದ್ದು ಹೀಗೆ. 1943ರಲ್ಲಿ ಪದವೀಧರರಿಗಾಗಿ ಟ್ರೈನಿಂಗ್ ಕಾಲೇಜೇ ತೆರೆಯಿತು. ಆಗ ನಮ್ಮದು ಮದ್ರಾಸ್ ಪ್ರಾಂತ್ಯ. ಟ್ರೈನಿಂಗಿಗೆಂದು ದೂರದ ಮದ್ರಾಸಿಗೆ ಹೋಗುವುದು ಎಷ್ಟು ಹೆಣ್ಣುಮಕ್ಕಳ ಕೈಲಾಗುತ್ತಿತ್ತು?

ಇನ್ನು ಕಟ್ಟಡದ ಮಾತು. ಮಂಗಳೂರಿನ ಹಳೇ ಶಾಲೆಗಳದ್ದು ಒಂದೇ ಕ್ರಮ: ಕೆಂಪುಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಉದ್ದ ಜಗಲಿ, ಮೇಲೆ ಹೆಂಚಿನ ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲೇ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದರು. ಬಿಸಿಗಾಳಿ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ, ಜಗಲಿಯಿಂದಾಗಿ ಮಳೆಯ ಇರಚಲು ಕ್ಲಾಸಿಗೆ ಬಡಿಯುವುದಿಲ್ಲ. ಫ್ಯಾನಿಲ್ಲದ ಕಾಲದಲ್ಲಿ ಇದೇ ದೊಡ್ಡ ಇಂಜಿನಿಯರಿಂಗು!

ಟೀಚರ್ ಆಗಹೊರಟವರಿಗೆ ಹತ್ತಿರದಲ್ಲೇ ಶಾಲೆ ಇರಬೇಕು. ಪುಸ್ತಕ ಓದಿದ ಮಾತ್ರಕ್ಕೆ ಯಾರೂ ಟೀಚರ್ ಆಗುವುದಿಲ್ಲ. ಚಾರ್ಟು, ಸೀಮೆಸುಣ್ಣ ಹಿಡಿದು ನಿಜವಾದ ಮಕ್ಕಳ ಮುಂದೆ ನಿಲ್ಲಬೇಕು. ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಡಿಸಿ ತಪ್ಪು ಬರೆದುಕೊಳ್ಳುವವರನ್ನು ಕಂಡು ಕೈ ನಡುಗಬೇಕು. ಸೈಂಟ್ ಆನ್ಸ್‌ನಲ್ಲಿ ಶಾಲೆಯೂ ಟ್ರೈನಿಂಗೂ ನೆರೆಹೊರೆ.

ಈಗ ಚಿಂತೆ ಎರಡು. ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. 2030ಕ್ಕೆ ನಾಲ್ಕು ವರ್ಷದ ಕೋರ್ಸೇ ಕನಿಷ್ಠ ಅರ್ಹತೆ ಎಂದು 2020ರ ಶಿಕ್ಷಣ ನೀತಿ ಹೇಳಿದೆ. ಬಡವರ ಮನೆ ಹುಡುಗಿ ಅಷ್ಟು ವರ್ಷ ಕಾಯುತ್ತಾಳೆಯೇ? ಇನ್ನೊಂದು, ಊರಿನ ಹಳೇ ಮಾಡುಗಳದ್ದು. ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸದವರೂ ಕಮ್ಮಿ.

ಒಡೆದ ಹೆಂಚಿಗೆ ಬದಲು ತರಬಹುದು. ಒಳ್ಳೇ ಟೀಚರ್ ಮಾತ್ರ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ.